ದೀವಿಹಲಸಿನ ಎಲೆಗೆ ಎಷ್ಟು ಬೆರಳು

ಮೆಲೆನೈತೆ ಹೌಫೊಲಾ ಎಂಬ ಊರಿಗೆ ಸೊಸೆಯಾಗಿ ಬಂದ ಮೂರನೆಯ ದಿನ ಅವಳ ಕೈಗೆ ಒಂದು ಉದ್ದನೆಯ ಸೌಟು ಬಂತು. ಊರಿನ ಹನ್ನೊಂದು ಹೆಂಗಸರು ಸೇರಿ ತೊಗಟೆಬಟ್ಟೆ ಮಾಡುವ ಷೆಡ್ಡಿನ ಹಿಂದೆ ಮೂರು ಕಲ್ಲಿನ ಒಲೆ, ಒಲೆಯ ಮೇಲೆ ಹಂಡೆ, ಹಂಡೆಯೊಳಗೆ ಮರಗೆಣಸಿನ ಹಿಟ್ಟು. ಗಂಟು ಕಟ್ಟದ ಹಾಗೆ ಕಲಕಿ ಕಲಕಿ ಅಂಟು ಮಾಡುವುದು ಅವಳ ಪಾಲಿನ ಕೆಲಸ. ಅಂಟು ಇಳಿಸಿದ ಮೇಲೆ ಅದೇ ಒಲೆಗೆ ಚಹಾದ ಪಾತ್ರೆ. ಚಹಾ ಆದ ಮೇಲೆ ಎಲ್ಲರ ಲೋಟ ತೊಳೆಯುವುದು. ಹಾಪೈ ಕಡೆಯ ಪುಟ್ಟ ದ್ವೀಪದಿಂದ ದೋಣಿ ಹತ್ತಿ ಬಂದ ಹುಡುಗಿ, ಈ ಊರಿನಲ್ಲಿ ಅವಳ ಕಡೆಯವರು ಅನ್ನುವವರು ಯಾರೂ ಇರಲಿಲ್ಲ. ಒಲೆಯ ಕೆಲಸ ಅವಳಿಗಲ್ಲದೆ ಇನ್ನಾರಿಗೆ ಹೋಗುತ್ತದೆ?

ಷೆಡ್ಡಿನ ಒಳಗಿನ ಕೆಲಸವನ್ನು ಅವಳು ಮೊದಲು ನೋಡಿದ್ದು ಒಲೆಯ ಹತ್ತಿರದಿಂದ, ಹೊಗೆಯ ನಡುವೆ. ಉದ್ದನೆಯ ಮೇಜಿನ ಎರಡೂ ಬದಿಗೆ ಹೆಂಗಸರು ಕೂತಿದ್ದರು. ವಾರಗಟ್ಟಲೆ ಬಡಿದು ತೆಳ್ಳಗೆ ಮಾಡಿದ ತೊಗಟೆಯ ಹಾಳೆಗಳನ್ನು ಅಡ್ಡ ಒಂದು ಪದರ, ಉದ್ದ ಒಂದು ಪದರ ಅಂಟಿಸಿ ಮೇಜಿನ ಮೇಲೆ ಹಾಸಿದ್ದರು. ಕಂದು ಬಣ್ಣದಲ್ಲಿ ಅದ್ದಿದ ಬಟ್ಟೆಯುಂಡೆಯಿಂದ ಒಬ್ಬಳು ಬರಬರ ಉಜ್ಜುತ್ತಿದ್ದಳು. ಉಜ್ಜಿದ ಹಾಗೆಲ್ಲ, ಏನೂ ಇಲ್ಲದ ಬಟ್ಟೆಯೊಳಗಿನಿಂದ ಒಂದು ಎಲೆ ಮೇಲೆದ್ದು ಬಂತು. ಮಕ್ಕಳು ಕಾಸಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದಾಗ ರಾಣಿಯ ಮುಖ ಬರುವುದಿಲ್ಲವೇ, ಹಾಗೆ. ಮೆಲೆನೈತೆಯ ಊರಿನ ಹೆಂಗಸರು ಚಾಪೆ ಹೆಣೆಯುವವರು. ಅವಳು ಇದನ್ನು ಎಂದೂ ಕಂಡವಳಲ್ಲ. ಸೌಟು ಹಿಡಿದ ಕೈ ಹಾಗೇ ನಿಂತಿತು.

"ಏ ಹಾಪೈ ಹುಡುಗಿ, ಅಂಟು ತಳ ಹಿಡಿದ ವಾಸನೆ ಮೂಗಿಗೆ ಬರ್ತಿಲ್ವೇನೇ?" ಒಳಗಿನಿಂದ ಷೆಡ್ಡಿನ ಯಜಮಾನಿ ಕಲೊಲೈನೆಯ ದನಿ.

"ಬಯ್ಬೇಡಿ ಪಾಪ," ಎಂದು ಲೊಸೆ ಎಂಬ ದಪ್ಪನೆಯ ಹೆಂಗಸು ನಗುತ್ತ ಅಂದಳು. "ಅವಳ ಮೂಗು ಇನ್ನೂ ದೋಣಿ ಹತ್ತಿಲ್ಲ. ಅವರಮ್ಮನ ಮನೇಲೇ ಇದೆ."

ಎಲ್ಲರೂ ನಕ್ಕರು. ಆದರೆ ಮೆಲೆನೈತೆಗೆ ಆ ದಿನವೇ ಒಂದು ಆಸೆ ಹತ್ತಿಕೊಂಡಿತು. ಆ ಎಲೆಯಂಥ ಒಂದು ಎಲೆಯನ್ನು ತನ್ನ ಕೈಯಿಂದ ಬರೆಯಬೇಕು, ಅದು ಊರಿನ ಬಟ್ಟೆಯ ಮೇಲೆ ಹೀಗೆ ಎದ್ದು ಬರಬೇಕು. ಅದನ್ನು ಯಾರಿಗೂ ಹೇಳಲಿಲ್ಲ. ತಳ ಹಿಡಿದ ಹಂಡೆಯನ್ನು ಮರಳು ಹಾಕಿ ಉಜ್ಜುತ್ತ ಕೂತಳು.

ಎಲೆ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಬಟ್ಟೆಯ ಕೆಳಗೆ ಕುಪೆಸಿ ಇರುತ್ತದೆ. ಕೇದಗೆ ಗರಿಗಳನ್ನು ಒಂದರ ಮೇಲೊಂದು ಹೊಲಿದ ದಪ್ಪ ಹಾಳೆ, ಅದರ ಮೇಲೆ ತೆಂಗಿನ ಗರಿಯ ಕಡ್ಡಿಗಳನ್ನು ಚಿತ್ರದ ಗೆರೆಯ ಹಾಗೆ ಬಗ್ಗಿಸಿ ಹೊಲಿದಿರುತ್ತಾರೆ. ಊರಿನಲ್ಲಿ ಇದ್ದದ್ದು ಒಂದೇ ಒಂದು ಕುಪೆಸಿ. ದೀವಿಹಲಸಿನ ಒಂದು ಎಲೆ, ಪಕ್ಕದಲ್ಲಿ ಒಂದು ಕಾಯಿ. ಅದು ಕಲೊಲೈನೆಯ ಅಜ್ಜಿ ಮಾಡಿದ್ದು, ಕಲೊಲೈನೆಯ ಹಾಸಿಗೆಯ ಅಡಿಯಲ್ಲಿ ಇರುತ್ತಿತ್ತು. ಯಾವಾಗ ಬಟ್ಟೆ ಮಾಡಬೇಕು, ಯಾರ ಮನೆಗೆ ಎಷ್ಟುದ್ದ ಹೋಗಬೇಕು, ಯಾರು ಮೇಜಿಗೆ ಕೂರಬೇಕು, ಯಾರು ಒಲೆಗೆ, ಎಲ್ಲವೂ ಆ ಹಾಸಿಗೆಯ ಅಡಿಯಿಂದಲೇ ಹೊರಡುತ್ತಿತ್ತು. ಸಾಲದ್ದಕ್ಕೆ ಕಲೊಲೈನೆ ಮೆಲೆನೈತೆಯ ಗಂಡ ಲಾತುವಿನ ಸೋದರತ್ತೆ. ಅಪ್ಪನ ಅಕ್ಕನ ಎದುರು ಇಲ್ಲಿ ಯಾರೂ ಮಾತಾಡುವುದಿಲ್ಲ. ತಮ್ಮನ ಮಕ್ಕಳ ಮನೆಯಲ್ಲಿ ಅವಳು ಏನನ್ನು ಮುಟ್ಟಿ "ಇದು ನನಗೆ" ಅಂದರೂ ಅದು ಅವಳದು. ಮೆಲೆನೈತೆಯ ಮದುವೆಗೆ ತವರಿನಿಂದ ಬಂದ ಚಾಪೆಗಳಲ್ಲಿ ಎರಡು ಹಾಗೆಯೇ ಹೋದವು.

ಹತ್ತು ವರ್ಷ ಮೆಲೆನೈತೆ ಅಂಟು ಕಲಕಿದಳು. ಎರಡು ಹೆತ್ತಳು. ಹನ್ನೊಂದನೆಯ ವರ್ಷ, ಕುಂಚದ ಕೆಲಸಕ್ಕೆ ಕೂರುತ್ತಿದ್ದ ಒಬ್ಬಾಕೆ ಮಗಳ ಬಾಣಂತನಕ್ಕೆಂದು ಆಕ್ಲೆಂಡಿಗೆ ಹೋದವಳು ತಿರುಗಿ ಬರಲಿಲ್ಲ. ಉಜ್ಜಿದ ಬಟ್ಟೆ ಒಣಗಿದ ಮೇಲೆ ಆ ಮಾಸಲು ಗೆರೆಗಳ ಮೇಲೆ ಕಾಂಡ್ಲಾ ಮರದ ತೊಗಟೆಯ ಕಪ್ಪು ಬಣ್ಣದಿಂದ ಕೈಯಲ್ಲೇ ತಿದ್ದಬೇಕು. ಕೇದಗೆ ಹಣ್ಣಿನ ಒಣ ನಾರೇ ಕುಂಚ. ಬಟ್ಟೆಯ ಅಂಚಿನಲ್ಲಿ, ಮಡಿಸಿದಾಗ ಒಳಗೆ ಹೋಗುವ ಕಡೆ, ಮೆಲೆನೈತೆಗೆ ಒಂದು ಮೊಳ ಜಾಗ ಕೊಟ್ಟರು.

"ಗೆರೆ ಬಿಟ್ಟು ಆಚೆ ಹೋಗ್ಬೇಡ," ಕಲೊಲೈನೆ ಹೇಳಿದಳು. "ಇದಕ್ಕೆ ತಲೆ ಏನೂ ಬೇಕಿಲ್ಲ. ಕೈ ಇದ್ರೆ ಸಾಕು."

"ಅದಕ್ಕೇ ನನ್ನನ್ನ ಇಪ್ಪತ್ತು ವರ್ಷದಿಂದ ಇಲ್ಲೇ ಕೂರಿಸಿದಾರೆ ನೋಡು," ಎಂದಳು ಲೊಸೆ.

ಕುಂಚ ಸಿಕ್ಕಿತೆಂದು ಸೌಟು ಹೋಗಲಿಲ್ಲ. ಮೊದಲು ಅಂಟು, ಆಮೇಲೆ ಚಹಾ, ಆಮೇಲೆ ಕುಂಚ. ಹೆಂಗಸರ ಕೆಲಸಗಳು ಒಂದು ಎದ್ದು ಇನ್ನೊಂದಕ್ಕೆ ಜಾಗ ಬಿಡುವುದಿಲ್ಲ, ಒಂದರ ತೊಡೆಯ ಮೇಲೆ ಇನ್ನೊಂದು ಕೂರುತ್ತದೆ. ಆದರೂ ಅವಳಿಗೆ ಆ ಒಂದು ಮೊಳ ಜಾಗದಲ್ಲಿ ಸುಖವಿತ್ತು. ಮೊದಲ ವಾರ ಗೆರೆ ನಡುಗಿತು. ಮೂರನೆಯ ತಿಂಗಳಿಗೆ, ಬೆರಳಿನಿಂದಲ್ಲ, ಭುಜದಿಂದ ಎಳೆದರೆ ಬಾಗು ಸರಿಯಾಗಿ ಬರುತ್ತದೆ ಎಂದು ತೋಳಿಗೆ ತಾನಾಗಿ ಗೊತ್ತಾಯಿತು. ಎಲೆಯ ತುದಿಗೆ ಬರುವಾಗ ಉಸಿರು ಹಿಡಿಯಬೇಕು, ತಿರುಗುವಾಗ ಬಿಡಬೇಕು. ಬಣ್ಣ ಎಲ್ಲಿ ಮುಗಿಯುತ್ತದೋ ಅದಕ್ಕೆ ಮುಂಚೆಯೇ ಕುಂಚ ಎತ್ತಬೇಕು. ಇವನ್ನೆಲ್ಲ ಯಾರೂ ಹೇಳಿಕೊಡಲಿಲ್ಲ. ಮೇಲೆ ಮೇಲೆ ಎಳೆಯುತ್ತ ಇದ್ದರೆ ಗೆರೆಯೇ ಕೈ ಹಿಡಿದು ಕರೆದುಕೊಂಡು ಹೋಗುತ್ತಿತ್ತು.

ಮೂರು ವರ್ಷ ಕಳೆಯಿತು. ಒಂದು ಮಧ್ಯಾಹ್ನ ಮನೆಯಲ್ಲಿ ಮೇಜು ಒರೆಸುತ್ತಿದ್ದವಳು, ಯಾರೂ ಇಲ್ಲದ್ದನ್ನು ನೋಡಿ, ಒದ್ದೆ ಬೆರಳಿನಿಂದ ಮೇಜಿನ ಮೇಲೆ ಆ ಎಲೆಯನ್ನು ಬರೆಯಲು ಹೋದಳು. ದಂಟು ಬಂತು. ಮೊದಲ ಬೆರಳು ಬಂತು. ಎಲೆ ಸೀಳಿ ಸೀಳಿ ಇರುವ ಆ ಭಾಗಗಳನ್ನು ಷೆಡ್ಡಿನಲ್ಲಿ ಬೆರಳು ಅನ್ನುತ್ತಿದ್ದರು. ಅಲ್ಲಿಗೆ ನಿಂತಿತು. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದೋ ಚಿಕ್ಕದೋ? ಎರಡರ ನಡುವಿನ ಸೀಳು ದಂಟಿನವರೆಗೂ ಹೋಗುತ್ತದೋ, ಅರ್ಧಕ್ಕೇ ನಿಲ್ಲುತ್ತದೋ? ನೂರಾರು ಸಲ ತಿದ್ದಿದ ಎಲೆ, ಅವಳ ತಲೆಯೊಳಗೆ ಅದರ ಒಂದು ಚೂರೂ ಇರಲಿಲ್ಲ.

ಅವಳಿಗೆ ಅಳು ಬಂತು. ಆಮೇಲೆ ಯೋಚನೆ ಬಂತು. ಟ್ರಕ್ಕಿನ ಹಿಂದೆ ಕೂತು ಪೇಟೆಗೆ ಹೋಗಿ ಬರುತ್ತಾಳೆ ವಾರ ವಾರ. ನಡೆದುಕೊಂಡು ಹೋಗು ಅಂದರೆ ಎಲ್ಲಿ ತಿರುಗಬೇಕೆಂದು ಗೊತ್ತೇ? ಇದೂ ಹಾಗೆಯೇ. ಕೈ ಹೋಗಿ ಬಂದಿದೆ, ಕಣ್ಣು ನಿದ್ದೆ ಮಾಡಿದೆ.

ಮಾರನೆಯ ವಾರ ಷೆಡ್ಡಿನಿಂದ ಎಲ್ಲರೂ ಊಟಕ್ಕೆ ಹೋದಾಗ, ಮಗಳು ಸಿಲಿಯಳ ನೋಟ್‌ಬುಕ್ಕಿನ ಒಂದು ಹಾಳೆಯನ್ನು ಕುಪೆಸಿಯ ಮೇಲಿಟ್ಟು ಇದ್ದಿಲು ಉಜ್ಜಿಕೊಂಡು ಬಂದಳು. ಬೆಳಿಗ್ಗೆ ಅಡುಗೆಮನೆಯ ಕಿಟಕಿಗೆ ನೇರ ಬಿಸಿಲು ಬೀಳುತ್ತಿತ್ತು. ಆ ಹಾಳೆಯನ್ನು ಕಿಟಕಿಗೆ ಅಂಟಿಸಿ, ಅದರ ಮೇಲೆ ಖಾಲಿ ಹಾಳೆ ಇಟ್ಟು, ಬೆಳಕಿನಲ್ಲಿ ಕಂಡ ಗೆರೆಯ ಮೇಲೆ ಪೆನ್ಸಿಲ್ ಓಡಿಸುವುದು ಅವಳ ಉಪಾಯ. ಆದರೆ ಆ ಕಿಟಕಿ ಒಂದೇ ಗಾಜಿನದಲ್ಲ, ಅಡ್ಡಡ್ಡ ಪಟ್ಟಿಗಳದು. ಏಳು ಪಟ್ಟಿಯಲ್ಲಿ ಎರಡು ಹಿಂದಿನ ಚಂಡಮಾರುತದಲ್ಲಿ ಒಡೆದು, ಲಾತು ಅಲ್ಲಿಗೆ ಪ್ಲೈವುಡ್ ತುಂಡು ಸಿಕ್ಕಿಸಿದ್ದ. ಗಾಜು ಇದ್ದಲ್ಲಿ ಎಲೆ ಕಾಣುತ್ತಿತ್ತು, ಪ್ಲೈವುಡ್ ಇದ್ದಲ್ಲಿ ಕತ್ತಲೆ. ಕಂಡಷ್ಟನ್ನು ತಿದ್ದಿದಳು. ಕಾಣದ ಕಡೆ, ಮೇಲಿನ ಗೆರೆ ಎಲ್ಲಿಗೆ ಹೊರಟಿತ್ತು, ಕೆಳಗಿನದು ಎಲ್ಲಿಂದ ಬಂತು ಎಂದು ನೋಡಿ ನಡುವಿನದನ್ನು ತಾನೇ ಎಳೆಯಬೇಕಾಯಿತು. ಆಮೇಲೆ ಹಾಳೆಯನ್ನು ಜರುಗಿಸಿ, ಗಾಜಿನ ಮೇಲಿಟ್ಟು, ಎಷ್ಟು ತಪ್ಪಿದೆ ಎಂದು ನೋಡಿದಳು. ಬಹಳ ತಪ್ಪಿತ್ತು. ಮಾರನೆಯ ದಿನ ಪ್ಲೈವುಡ್ಡಿನ ಕತ್ತಲೆ ಎಲೆಯ ಬೇರೆ ಭಾಗದ ಮೇಲೆ ಬೀಳುವ ಹಾಗೆ ಹಾಳೆ ಅಂಟಿಸಿದಳು. ಅದರ ಮಾರನೆಯ ದಿನ ಇನ್ನೊಂದು ಕಡೆ. ಕಾಣದ ಕಡೆ ಎಳೆದಾಗಲೇ ಎಲೆ ತಲೆಯೊಳಗೆ ಕೂರುತ್ತಿತ್ತು, ಕೊನೆಗೆ ಕತ್ತಲೆ ಸಾಲದಾಯಿತು. ಮೂರನೆಯ ಪಟ್ಟಿಗೆ ಬಿಸ್ಕತ್ತಿನ ರಟ್ಟು ಸಿಕ್ಕಿಸಿದಳು.

ಆ ಬಿಸಿಲು ಇರುತ್ತಿದ್ದುದು ಬೆಳಿಗ್ಗೆ ಮುಕ್ಕಾಲು ಗಂಟೆ. ಅದೇ ಮುಕ್ಕಾಲು ಗಂಟೆಯಲ್ಲಿ ಸಮವಸ್ತ್ರಕ್ಕೆ ಇಸ್ತ್ರಿ, ಹಂದಿಗಳಿಗೆ ತೆಂಗಿನಕಾಯಿ, ಅಂಗಳದ ಕಸ, ಸಿಲಿಯಳ ಎರಡು ಜಡೆ, ಗಂಡನ ಚಹಾ. ರಾತ್ರಿ ಗೆಳೆಯರ ಜೊತೆ ಕಾವಾ ಬೇರಿನ ಪಾನಕ ಕುಡಿದು ಹಾಡಿ ಬಂದ ಲಾತು ಏಳುತ್ತಲೇ ಬಾಗಿಲಲ್ಲಿ ನಿಲ್ಲುತ್ತಿದ್ದ. ಕೆಟ್ಟವನಲ್ಲ, ಕೈ ಎತ್ತಿದವನಲ್ಲ. ನೀರು ಕಾಯಿಸುವುದಕ್ಕೆ ಒಬ್ಬ ಹೆಂಡತಿ ಬೇಕು ಎಂದು ನಂಬಿದವನು, ಅಷ್ಟೆ.

"ಕಿಟಕೀನ ಏನ್ ಓದ್ತಾ ಇದ್ದೀಯ? ಪೇಪರ್ರಾ?"

"ಎಲೆ ಬರೀತಿದ್ದೀನಿ."

"ಬರೆದಿರೋ ಎಲೇನೇ ಮತ್ತೆ ಬರೆಯೋದಾ? ಚಹಾ ಆಯ್ತಾ?"

"ನೀರು ಒಲೆ ಮೇಲಿದೆ. ಪುಡಿ ಡಬ್ಬೀಲಿದೆ. ಡಬ್ಬಿ ನಿಮ್ಮ ಮೊಣಕೈ ಹತ್ರ ಇದೆ."

ಮೊದಲ ದಿನ ಅವನು ಚಹಾ ಇಲ್ಲದೆಯೇ ತೋಟಕ್ಕೆ ಹೋದ. ನಾಲ್ಕನೆಯ ದಿನ ತಾನೇ ಮಾಡಿಕೊಂಡ, ಒಂದು ಲೋಟ. ಇನ್ನೊಂದು ತಿಂಗಳು ಬೇಕಾಯಿತು ಅವನಿಗೆ ಎರಡು ಲೋಟ ಮಾಡಬಹುದೆಂದು ಹೊಳೆಯಲು.

ತನ್ನ ಹಾಳೆಗಳನ್ನು ಮೂಲದ ಮೇಲಿಟ್ಟು ಬೆಳಕಿಗೆ ಹಿಡಿದು ನೋಡಿ ನೋಡಿ ಅವಳು ತನ್ನ ಕೈಯನ್ನೇ ಓದಲು ಕಲಿತಳು. ಬುಡದ ಕಡೆ ಎಲೆ ಯಾವಾಗಲೂ ಸಣಕಲಾಗುತ್ತಿತ್ತು, ಮುಗಿಸುವ ಅವಸರ. ಗೆರೆ ಎಲ್ಲಿ ಸೊಟ್ಟಗಾಗಿದೆಯೋ ಅಲ್ಲಿ "ಅಮ್ಮಾ, ರಿಬ್ಬನ್ ಎಲ್ಲಿ" ಎಂದು ಯಾರೋ ಕರೆದಿದ್ದರು. ಅವಳ ಹಾಳೆಗಳನ್ನು ಸಾಲಾಗಿ ಇಟ್ಟರೆ ಅದು ಆ ಮನೆಯ ಬೆಳಗಿನ ದಿನಚರಿ. ಒಂದು ವರ್ಷದ ಕೊನೆಗೆ, ಕಿಟಕಿಯಿಂದ ದೂರ, ನೆಲದ ಮೇಲೆ ಕೂತು, ಯಾವ ಹಾಳೆಯನ್ನೂ ನೋಡದೆ ಬರೆದ ಎಲೆಯನ್ನು ಬೆಳಕಿಗೆ ಹಿಡಿದಾಗ, ಅದು ಮೂಲದ ಮೇಲೆ ಕೂದಲೆಳೆಯಷ್ಟೂ ತಪ್ಪದೆ ಕೂತಿತು.

ಆ ವರ್ಷದ ಮಳೆಗೆ ಕಲೊಲೈನೆಯ ಮನೆಯೊಳಗೆ ನೀರು ಬಂತು. ಹಾಸಿಗೆಯ ಅಡಿಯ ಕುಪೆಸಿ ನೆನೆದು, ಬೂಸಲು ಬಂದು, ಹೊಲಿಗೆ ಬಿಟ್ಟು ಕಡ್ಡಿಗಳು ಕೈಗೆ ಬಂದವು. ಇನ್ನು ಏಳು ವಾರಕ್ಕೆ ಕಲೊಲೈನೆಯ ಮೊಮ್ಮಗಳ ಮದುವೆ. ಐವತ್ತು ಮಡಿಕೆಯಷ್ಟು ಉದ್ದದ ಬಟ್ಟೆಗೆ ಹನ್ನೊಂದು ಹೆಂಗಸರು ಆಗಲೇ ಎರಡು ತಿಂಗಳು ತೊಗಟೆ ಬಡಿದಿದ್ದರು. ಪೇಟೆಯಲ್ಲಿ ಮರದ ಹಲಗೆಯ ಮೇಲೆ ಮಿಷನ್ನಿನಿಂದ ಚಿತ್ರ ಕೊರೆದು ಕೊಡುವ ಒಬ್ಬನಿದ್ದ. ಅವನು ಮೂರು ತಿಂಗಳಾದರೂ ಬೇಕು ಅಂದ. ಷೆಡ್ಡಿನಲ್ಲಿ ಎಲ್ಲರೂ ಬಿಡಿಬಿಡಿಯಾದ ಕಡ್ಡಿಗಳ ಸುತ್ತ ಕೂತಿದ್ದರು. ಕಲೊಲೈನೆಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹೊಸದನ್ನು ಬರೆಯುವ ಕೈ ಅವಳದೂ ಅಲ್ಲ, ಅವಳಮ್ಮನದೂ ಆಗಿರಲಿಲ್ಲ. ಅಜ್ಜಿಯ ನಂತರ ಆ ಊರಿನಲ್ಲಿ ಯಾರೂ ಹೊಸ ಎಲೆ ಬರೆದವರಿಲ್ಲ.

"ನಾನು ಬರೀತೀನಿ," ಎಂದಳು ಮೆಲೆನೈತೆ, ಒಲೆಯ ಹತ್ತಿರದಿಂದ.

"ಯಾರು ಅದು?" ಎಂದಳು ಕಲೊಲೈನೆ, ದನಿ ಗೊತ್ತಿದ್ದೂ. "ಅಂಟಿನವಳಾ? ನೀನು ಗೆರೆ ಮೇಲೆ ಗೆರೆ ಎಳೆಯೋಳು. ಕೆಳಗೆ ಗೆರೆ ಇಲ್ದಿದ್ರೆ ಎಲ್ಲಿಗೆ ಹೋಗ್ತೀಯ?"

"ಇಲ್ಲದೇನೂ ಬರುತ್ತೆ ಅತ್ತೆ."

"ಹೌದಾ? ಹಾಗಾದ್ರೆ ತೋರಿಸು. ಇಲ್ಲೇ, ಈಗ್ಲೇ. ಹೊಸ ಕುಪೆಸಿ ಹಾಳಾದ್ರೆ ಎರಡು ತಿಂಗಳು ಬಡಿದಿರೋದೆಲ್ಲ ಹೋಗುತ್ತೆ, ಇವರ ತೋಳು ಹೋಗುತ್ತೆ. ಅದು ಗೊತ್ತಿರ್ಲಿ."

ಮೇಜಿನ ಮೇಲೆ ಒಂದು ತುಂಡು ತೊಗಟೆ ಹಾಸಿದರು. ಮೆಲೆನೈತೆ ಕೈ ಒರೆಸಿಕೊಂಡು ಬಂದಳು. ದಂಟಿನಿಂದ ಹೊರಟು, ಭುಜದಿಂದ ಎಳೆಯುತ್ತ, ಎಲ್ಲಿಯೂ ನಿಲ್ಲದೆ ಎಲೆ ಬರೆದಳು. ಹೆಂಗಸರು ಎದ್ದು ಸುತ್ತ ನಿಂತರು. "ಅಯ್ಯೋ ಇವಳ! ಅದೇ ಎಲೆ! ಹಾಸಿಗೆ ಅಡಿಯಿಂದ ಎದ್ದು ಬಂದ ಹಾಗಿದೆ," ಎಂದು ಲೊಸೆ ಚಪ್ಪಾಳೆ ತಟ್ಟಿದಳು. ಕಲೊಲೈನೆ ಮೂಗು ತಾಗುವಷ್ಟು ಬಗ್ಗಿ, ಒಂದೊಂದೇ ಇಂಚು ನೋಡಿದಳು. ಎಲೆಯ ಬಲಕ್ಕೆ ಬಂದವಳು ಅಲ್ಲೇ ನಿಂತಳು. ಆಮೇಲೆ ನಗಲು ಶುರು ಮಾಡಿದಳು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು.

"ಎಡಕ್ಕೆ ಎಷ್ಟು ಬೆರಳು ಬರ್ದಿದ್ದೀಯ?"

"ನಾಲ್ಕು."

"ಬಲಕ್ಕೆ?"

"ಮೂರು."

"ಯಾಕೆ ಮೂರು?"

ಮೆಲೆನೈತೆ ತಾನು ಬರೆದ ಬೆರಳುಗಳನ್ನು ಮತ್ತೆ ಎಣಿಸಿದಳು. ಮೂರೇ ಇದ್ದವು. ಯಾವಾಗಲೂ ಮೂರೇ.

"ನಮ್ಮಜ್ಜಿ ನಾಲ್ಕೇ ಹೊಲಿದಿದ್ಲು ಕಣೇ. ನಾನು ಹುಡುಗಿಯಾಗಿದ್ದಾಗ ಇಲಿ ಒಂದು ಬೆರಳು ಕಡಿದ್ಕೊಂಡು ಹೋಯ್ತು. ಯಾರೂ ಸರಿ ಮಾಡ್ಲಿಲ್ಲ, ಬಾಯಿ ಬಿಟ್ಕೊಂಡಿದ್ದ ಕಡೆ ಒಂದು ನೇರ ಕಡ್ಡಿ ಹೊಲಿದು ಮುಚ್ಚಿದ್ರು. ಆಮೇಲೆ ಬಂದೋರೆಲ್ಲ ಹಾಗೇ ಎಳೆದ್ರು." ಅವಳು ತೊಗಟೆಯ ತುಂಡನ್ನು ಪಕ್ಕಕ್ಕೆ ಸರಿಸಿದಳು. "ಇದು ಎಲೆ ಅಲ್ಲ. ನನ್ನ ಕುಪೆಸಿ. ಇಲಿ ಕಡಿದದ್ದನ್ನೂ ಬಿಡದೆ ಬರ್ದಿದ್ದೀಯ. ಹೋಗು, ಅಂಟು ನೋಡು."

ಊರಿನವರೆಲ್ಲ ಐವತ್ತು ವರ್ಷದಿಂದ ಒಂದು ಬೆರಳಿಲ್ಲದ ದೀವಿಹಲಸಿನ ಎಲೆಯನ್ನು ಮದುವೆಗೆ ಹಾಸಿದ್ದರು, ಹೆಣಕ್ಕೆ ಹೊದಿಸಿದ್ದರು. ಮನೆ ಮನೆಯ ಮುಂದೆಯೂ ಆ ಮರ ಇತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಲೊಲೈನೆಯನ್ನು ಬಿಟ್ಟರೆ ಯಾರಿಗೂ ಅದು ಗೊತ್ತಿರಲಿಲ್ಲ.

ಆ ದಿನ ಮೆಲೆನೈತೆ ಅಂಟನ್ನು ಗಂಟಿಲ್ಲದೆ ಮಾಡಿ ಕೊಟ್ಟು ಮನೆಗೆ ಬಂದಳು. ಲಾತುವಿನ ಕಿವಿಗೆ ಸುದ್ದಿ ಆಗಲೇ ಬಿದ್ದಿತ್ತು.

"ಅತ್ತೆ ಬೇಡ ಅಂದ್ಮೇಲೆ ಬಿಟ್ಬಿಡು," ಎಂದ ಮೆಲ್ಲಗೆ. "ನಿನಗ್ಯಾಕೆ ಆ ತಲೆನೋವು. ಒಂದು ವರ್ಷ ಕಿಟಕಿ ಹತ್ರ ನಿಂತದ್ದು ಸಾಲ್ದಾ?"

ಅವಮಾನಕ್ಕಿಂತ ಹೆಚ್ಚಾಗಿ ಅವಳನ್ನು ಕೊರೆಯುತ್ತಿದ್ದುದು ಕಲೊಲೈನೆ ಹೇಳಿದ್ದು ನಿಜ ಎಂಬುದು. ಗೆರೆಯನ್ನು ಅವಳು ಅಷ್ಟು ಚೆನ್ನಾಗಿ ನೋಡಿದ್ದಳು. ಗೆರೆ ಯಾವುದರದ್ದು ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಕಡ್ಡಿಪೊರಕೆ ಹಿಡಿದು ಅಂಗಳ ಗುಡಿಸುತ್ತಿದ್ದಳು. ಹೌಫೊಲಾದಲ್ಲಿ ಅಂಗಳದಲ್ಲಿ ಎಲೆ ಬಿದ್ದಿದ್ದರೆ ಒಳಗಿರುವ ಹೆಂಗಸು ಸೋಮಾರಿ ಎಂದು ಲೆಕ್ಕ. ಹದಿನೈದು ವರ್ಷ ಪ್ರತಿದಿನ ಅವಳು ಆ ಮರದ ಎಲೆಗಳನ್ನು ಗುಡ್ಡೆ ಹಾಕಿ ಬೆಂಕಿ ಕೊಟ್ಟಿದ್ದಳು. ಪೊರಕೆ ನಿಂತಿತು. ಅವಳು ಬಗ್ಗಿ ಒಂದು ಎಲೆ ಎತ್ತಿಕೊಂಡಳು. ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು. ಇನ್ನೊಂದು ಎತ್ತಿದಳು. ಐದು, ನಾಲ್ಕು. ಇನ್ನೊಂದು ಮೂರು, ಮೂರು. ಗುಡಿಸುವುದನ್ನು ಅರ್ಧಕ್ಕೆ ಬಿಟ್ಟು, ಸೆರಗಿನಂತೆ ಸೊಂಟದ ಬಟ್ಟೆಯನ್ನು ಎತ್ತಿ ಅದರ ತುಂಬ ಎಲೆ ತುಂಬಿಕೊಂಡು ಒಳಗೆ ಹೋದಳು.

ಎಲೆಗಳನ್ನು ಹಾಳೆಯ ಮೇಲಿಟ್ಟು ಅಂಚಿನ ಗುಂಟ ಪೆನ್ಸಿಲ್ ಓಡಿಸಿದಳು. ಈ ಸಲ ಕೈ ನಿಧಾನವಾಯಿತು, ಏಕೆಂದರೆ ಪ್ರತಿ ತಿರುವಿನಲ್ಲೂ ಕೇಳುತ್ತಿದ್ದಳು: ಇಲ್ಲಿ ಯಾಕೆ ಬಾಗಿದೆ? ಒಳಗಿನ ನರ ಇಲ್ಲಿಗೆ ಬರುತ್ತದೆ, ಅದಕ್ಕೆ. ಸೀಳು ಯಾಕೆ ಇಲ್ಲಿಗೇ ನಿಂತಿತು? ಎರಡು ನರಗಳ ನಡುವೆ ಇನ್ನು ಜಾಗವಿಲ್ಲ, ಅದಕ್ಕೆ. ಮೂವತ್ತು ಎಲೆ ತಿದ್ದಿದಳು, ಅಗಲ ಸಾಲದ ಕಡೆ ಎರಡು ಹಾಳೆ ಜೋಡಿಸಿ. ಬ್ರೆಡ್ಡಿನ ಪ್ಲಾಸ್ಟಿಕ್ ಚೀಲಗಳನ್ನು ಸೀಳಿ ಅವುಗಳ ಮೇಲೆ ಪೆನ್ನಿನಿಂದ ಇಳಿಸಿ ಒಂದರ ಮೇಲೊಂದು ಇಟ್ಟು ನೋಡಿದಳು. ಮೂವತ್ತೂ ಬೇರೆ ಬೇರೆ, ಆದರೂ ಎಲ್ಲವೂ ಒಂದೇ ರೀತಿ ದಂಟಿನಿಂದ ಎದ್ದು, ಒಂದೇ ರೀತಿ ತುದಿಯ ಕಡೆಗೆ ವಾಲಿದ್ದವು. ಇಪ್ಪತ್ತಮೂರನೆಯ ಎಲೆಗೆ ಎಡಕ್ಕೆ ನಾಲ್ಕು, ಬಲಕ್ಕೆ ಮೂರು ಇತ್ತು. ಅದನ್ನು ಹಿಡಿದುಕೊಂಡು ಕಲೊಲೈನೆಯ ಮನೆಗೆ ಓಡಬೇಕು ಅನ್ನಿಸಿತು. ಬಾಗಿಲವರೆಗೆ ಹೋಗಿ ತಿರುಗಿ ಬಂದಳು. ಈ ಎಲೆಯ ಬಲಗಡೆ ನೇರ ಗೆರೆ ಇರಲಿಲ್ಲ. ಮೂರೂ ಬೆರಳು ಜಾಗ ಹಂಚಿಕೊಂಡು ಅಗಲವಾಗಿ ಹರಡಿದ್ದವು. ಇಲಿ ಕಡಿದದ್ದಕ್ಕೂ ತಾನಾಗಿ ಬೆಳೆದದ್ದಕ್ಕೂ ಇರುವ ವ್ಯತ್ಯಾಸ ಅದು.

ಆಮೇಲೆ ಹಾಳೆಗಳನ್ನೆಲ್ಲ ತಿರುವಿ ಹಾಕಿ ನೋಡದೆ ಬರೆದಳು. ತಪ್ಪಿದಾಗ ಎಲೆಯ ಹತ್ತಿರ ಹೋಗಿ ಒಮ್ಮೆ ಅದರ ಅಂಚಿನ ಮೇಲೆ ಬೆರಳು ಓಡಿಸಿ ಬಂದು ಮತ್ತೆ ಬರೆದಳು. ಯಾರನ್ನೂ ಕೇಳದೆ ಕೇದಗೆ ಗರಿ ಹೊಲಿದಳು, ತೆಂಗಿನ ಕಡ್ಡಿ ನೆನೆಸಿ ಬಗ್ಗಿಸಿದಳು. ಮೂರು ಎಲೆ, ಮೂರೂ ಬೇರೆ. ಒಂದು ಅಂಗಾತ, ಒಂದು ಮಗ್ಗುಲಾಗಿ, ಒಂದರ ತುದಿ ಗಾಳಿಗೆ ಮಡಿಸಿಕೊಂಡದ್ದು. ಸೂಜಿ ಚುಚ್ಚಿ ಚುಚ್ಚಿ ಬೆರಳಿನ ತುದಿಗಳು ಉಪ್ಪು ಮುಟ್ಟಲಾಗದಷ್ಟು ಉರಿದವು. ಹತ್ತು ದಿನ ಅಂಗಳ ಗುಡಿಸಲಿಲ್ಲ. ಐದನೆಯ ದಿನ ಲಾತುವೇ ಪೊರಕೆ ಹಿಡಿದ, ಬೇಲಿಯಾಚೆ ಯಾರೂ ಇಲ್ಲದ್ದನ್ನು ಎರಡು ಸಲ ನೋಡಿಕೊಂಡು.

ಹನ್ನೊಂದನೆಯ ದಿನ ಬೆಳಿಗ್ಗೆ ಷೆಡ್ಡಿನಲ್ಲಿ ಹೆಂಗಸರು ಹಳೆಯ ಕುಪೆಸಿಯ ಉಳಿದ ಕಡ್ಡಿಗಳನ್ನು ಹೇಗಾದರೂ ಕಟ್ಟಿ ನಿಲ್ಲಿಸಲು ನೋಡುತ್ತಿದ್ದರು. ಉಜ್ಜಿದರೆ ಎಲೆಯ ಬದಲು ಮಸಿ ಬರುತ್ತಿತ್ತು. ಮೆಲೆನೈತೆ ತನ್ನದನ್ನು ಮೇಜಿನ ಮೇಲಿಟ್ಟಳು.

ಕಲೊಲೈನೆ ಬಗ್ಗಿ ನೋಡಿದಳು. ಪೊರೆ ಬಂದ ಕಣ್ಣಿಗೆ ಏನು ಕಂಡಿತೋ. ಅವಳು ನೆಟ್ಟಗೆ ಕೂತು, ಕಣ್ಣು ಮುಚ್ಚಿ, ತೋರುಬೆರಳನ್ನು ಕಡ್ಡಿಯ ಮೇಲೆ ಇಟ್ಟಳು. ದಂಟಿನಿಂದ ಹೊರಟ ಬೆರಳು ಒಂದೊಂದು ಸೀಳಿನೊಳಗೂ ಇಳಿದು, ಹತ್ತಿ, ತುದಿಯನ್ನು ಸುತ್ತಿ ಇನ್ನೊಂದು ಬದಿಗೆ ಬಂತು. ತುಟಿ ಅಲುಗುತ್ತಿತ್ತು, ಎಣಿಸುತ್ತಿದ್ದಳು. ಮೂರನೆಯ ಎಲೆಯ ಮಡಿಸಿದ ತುದಿಗೆ ಬಂದಾಗ ಬೆರಳು ತಡೆಯಿತು. ಹಿಂದಕ್ಕೆ ಹೋಗಿ ಮತ್ತೆ ಬಂತು.

"ಇದೇನಿದು, ಮುದುರಿದೆ?"

"ಗಾಳಿ ಬಂದಿದೆ ಅತ್ತೆ."

ಕಲೊಲೈನೆ ಇನ್ನೊಮ್ಮೆ ಅದರ ಮೇಲೆ ಬೆರಳು ಓಡಿಸಿದಳು.

"ಏನು ನೋಡ್ತಾ ನಿಂತಿದ್ದೀರಿ ಎಲ್ಲಾರೂ?" ಎಂದಳು ಕೊನೆಗೆ. "ಅಂಟು ಆರ್ತಿದೆ. ಹಾಸಿ ಬಟ್ಟೆ."

ಮೊದಲ ಉಜ್ಜಿಗೆ ಎಲೆಗಳು ಎದ್ದು ಬಂದವು. ಲೊಸೆ "ನೋಡ್ರೇ, ಯಾವ ಕಡೆಯಿಂದ ಗಾಳಿ ಬೀಸ್ತಿದೆ ಅಂತಾನೂ ಗೊತ್ತಾಗುತ್ತೆ" ಎಂದಳು. ಆಮೇಲೆ ಕೆಲಸವೋ ಕೆಲಸ. ನಾಲ್ಕು ವಾರ ಉಜ್ಜಿದರು, ಒಣಗಿಸಿದರು, ತಿದ್ದಿದರು. ಒಲೆಗೆ ಸರದಿ ಹಾಕಿಕೊಂಡರು, ಏಕೆಂದರೆ ಹೊಸ ಗೆರೆಯ ತಿರುವುಗಳನ್ನು ತೋರಿಸಲು ಮೆಲೆನೈತೆ ಮೇಜಿನ ಹತ್ತಿರವೇ ಬೇಕಾಗಿತ್ತು. ಅವಳು ಎಲ್ಲರ ಭುಜದ ಹಿಂದೆ ನಿಂತು ತನ್ನ ಎಲೆಯ ಮೇಲೆ ಅವರ ಕೈ ಹೋಗುವುದನ್ನು ನೋಡಿದಳು.

ಕೊನೆಯ ದಿನ ಸಂಜೆ, ಮುಗಿದ ಬಟ್ಟೆಯನ್ನು ಹುಲ್ಲಿನ ಮೇಲೆ ಹಾಸಿದ್ದಾಗ, ಕಲೊಲೈನೆ ಹೊಸ ಕುಪೆಸಿಯನ್ನು ಒರೆಸಿ, ಚಾಪೆಯಲ್ಲಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡಳು.

"ಇದು ನನ್ನ ತಮ್ಮನ ಮಗನ ಮನೇದು," ಎಂದಳು. "ನನ್ನ ಹತ್ರ ಇರ್ಲಿ."

ಹೆಂಗಸರು ನೆಲ ನೋಡಿದರು. ಅದು ಅವಳ ಹಕ್ಕು, ಯಾರೂ ಇಲ್ಲ ಅನ್ನುವ ಹಾಗಿರಲಿಲ್ಲ. ಮೆಲೆನೈತೆಯ ಮುಖಕ್ಕೆ ರಕ್ತ ಏರಿತು. ಹತ್ತು ದಿನದ ಸೂಜಿ, ಒಂದು ವರ್ಷದ ಬಿಸಿಲು, ಅದರ ಹಿಂದಿನ ಹದಿನಾಲ್ಕು ವರ್ಷ, ಎಲ್ಲವೂ ಆ ಕಂಕುಳಲ್ಲಿ. ಅವಳು ಬಾಯಿ ತೆರೆದಳು. ಆಗ ಹುಲ್ಲಿನ ಮೇಲೆ ಹಾಸಿದ್ದ ಬಟ್ಟೆ ಕಣ್ಣಿಗೆ ಬಿತ್ತು. ನಾಲ್ಕು ವಾರದಿಂದ ದಿನವೂ ನೋಡಿ ನೋಡಿ ಅವಳಿಗೆ ಅದರಲ್ಲಿ ಒಂದು ಕಾಣುತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಎಡಗಡೆಯ, ತುದಿ ಮಡಿಸಿದ ಎಲೆಯ ತೊಟ್ಟು ಪೆಡಸಾಗಿತ್ತು. ಎಲೆಗೆ ಗಾಳಿ ಬಂದರೆ ತೊಟ್ಟಿಗೂ ಬರಬೇಕು.

"ತಗೊಂಡ್ಹೋಗಿ ಅತ್ತೆ," ಎಂದಳು. "ಅದರಲ್ಲಿ ತೊಟ್ಟು ಒಂದು ಸರಿ ಬಂದಿಲ್ಲ. ಮುಂದಿನದರಲ್ಲಿ ಸರಿ ಮಾಡ್ತೀನಿ."

ಹೊರಟಿದ್ದ ಕಲೊಲೈನೆ ನಿಂತಳು. "ಮುಂದಿನದಾ?"

"ಹೂಂ. ಅದು ದೀವಿಹಲಸಲ್ಲ. ಪಪ್ಪಾಯಿ ನೋಡ್ತಾ ಇದ್ದೀನಿ."

ಕಲೊಲೈನೆ ಕಂಕುಳಿನ ಸುರುಳಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿದಳು. ಕಾಲಿನಿಂದ ನೆಲ ತಡವುತ್ತ ರಸ್ತೆಯ ಕಡೆಗೆ ಹೋದಳು.

"ಬಿಟ್ಬಿಟ್ಯಲ್ಲೇ!" ಎಂದಳು ಲೊಸೆ ಅವಳು ಮರೆಯಾಗುತ್ತಲೇ. "ನಾನಾಗಿದ್ರೆ ಅಲ್ಲೇ ಕುಸ್ತಿಗೆ ಬೀಳ್ತಿದ್ದೆ."

"ನೀವಾ? ಅವರು ಕೆಮ್ಮಿದ್ರೆ ನೀವು ಎದ್ದು ನಿಲ್ತೀರಿ."

"ಅದೂ ನಿಜ." ಲೊಸೆ ಹುಲ್ಲಿನ ಮೇಲೆ ಕಾಲು ಚಾಚಿದಳು. "ಆಯ್ತು, ಪಪ್ಪಾಯಿ ಎಲೆಗೆ ಎಷ್ಟು ಬೆರಳು?"

"ನಿಮ್ಮ ಬಚ್ಚಲು ಹಿಂದೇನೇ ಇದೆಯಲ್ಲ ಗಿಡ. ದಿನಾ ಬಟ್ಟೆ ಒಣಗಿಸೋದು ಅದಕ್ಕೇ ಹಗ್ಗ ಕಟ್ಟಿ. ನೀವೇ ಹೇಳಿ."

ಲೊಸೆ ಬಾಯಿ ತೆರೆದಳು. ಕೈ ಎತ್ತಿ ಗಾಳಿಯಲ್ಲಿ ಏನನ್ನೋ ಬಿಡಿಸಿ ನೋಡಿ, ಕೈ ಇಳಿಸಿದಳು. ಆಮೇಲೆ ಗೊಣಗುತ್ತ ಎದ್ದು, ಸೊಂಟಕ್ಕೆ ಉಡುಗೆಯಂತೆ ಸುತ್ತಿದ್ದ ಚಾಪೆ ಬಿಗಿ ಮಾಡಿಕೊಂಡು, ಮನೆಯ ದಾರಿ ಹಿಡಿದಳು. ಗಾಳಿ ಏಳುತ್ತಿತ್ತು. ಮೆಲೆನೈತೆ ಬಟ್ಟೆಯ ನಾಲ್ಕು ಮೂಲೆಗೂ ಕಲ್ಲು ಇಟ್ಟು, ಲೊಸೆ ತಿರುಗಿ ಬರುವುದನ್ನು ಕಾಯುತ್ತ ಕೂತಳು.